ಎಲುಬು ಸುಟ್ಟು ಕಾರ್ಖಾನೆ ಕಟ್ಟಿದ ಆಚಾರ್ಯ ಪ್ರಫುಲ್ಲಚಂದ್ರ ರಾಯ್

ಬೆಳ್ಳಿಹಬ್ಬದ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದಾಗ ನಾವು ಆರಿಸಿಕೊಂಡದ್ದು ಬಂಗಾಳದ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರನ್ನು. ರಾಜಕಾರಣಿಗಳ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಸಂಘದ ಗೋದಾಮಿನಿಂದ ಸೂಪರ್ ಗೊಬ್ಬರದ ಮೂಟೆ ಹೊರುವ ನಮಗೆ ಇವರೇ ಹತ್ತಿರದವರು.

ಇವರು ಹುಟ್ಟಿದ್ದು 1861ರ ಆಗಸ್ಟ್ 2ರಂದು, ಈಗ ಬಾಂಗ್ಲಾದೇಶದಲ್ಲಿರುವ ರಾರೂಲಿ ಎಂಬ ಹಳ್ಳಿಯಲ್ಲಿ. ಜಮೀನ್ದಾರರ ಮನೆತನವೇನೋ ಹೌದು, ಆದರೆ ತಂದೆಯ ಕಾಲಕ್ಕೆ ಸಾಲ ಏರಿ ಆಸ್ತಿ ಕರಗಿತು. ಹುಡುಗನಾಗಿದ್ದಾಗ ಆಮಶಂಕೆ ಹಿಡಿದು ಶಾಲೆಯನ್ನೇ ಬಿಡಬೇಕಾಯಿತು. ಆ ಹೊಟ್ಟೆನೋವು ಸಾಯುವ ತನಕ ಬಿಡಲಿಲ್ಲ. ಆದರೂ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಗೆದ್ದು 1882ರಲ್ಲಿ ಎಡಿನ್‌ಬರೋಗೆ ಹೋಗಿ, 1887ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟು ಓದಿ ಬಂದವರಿಗೆ 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸರ್ಕಾರ ಕೊಟ್ಟ ಸಂಬಳ ತಿಂಗಳಿಗೆ 250 ರೂಪಾಯಿ. ಮೇಲಿನ ದರ್ಜೆಯ ಹುದ್ದೆ, ದೊಡ್ಡ ಸಂಬಳ ಎಲ್ಲ ಇಂಗ್ಲಿಷರಿಗೆ.

ಆಗ ಔಷಧಿ, ಆಮ್ಲ ಎಲ್ಲವೂ ಹಡಗಿನಲ್ಲಿ ವಿಲಾಯತಿಯಿಂದ ಬರಬೇಕಿತ್ತು. ಓದಿದ ಹುಡುಗರು ಗುಮಾಸ್ತೆ ಕೆಲಸಕ್ಕೆ ಅಲೆಯುತ್ತಿದ್ದರು. ರಾಯ್ ಅವರು 1892ರಲ್ಲಿ ಏಳೆಂಟು ನೂರು ರೂಪಾಯಿ ಬಂಡವಾಳದಲ್ಲಿ, ತಾವಿದ್ದ ಬಾಡಿಗೆ ಮನೆಯಲ್ಲೇ ಬೆಂಗಾಲ್ ಕೆಮಿಕಲ್ಸ್ ಶುರು ಮಾಡಿದರು. ಕಾಲೇಜು ಮುಗಿಸಿ ಬಂದು ಸಂಜೆಯೆಲ್ಲ ಅದೇ ಕೆಲಸ.

ಎಲುಬಿನ ಸಂಗತಿ ಹೇಳಲೇಬೇಕು. ಔಷಧಿಗೆ ಬೇಕಾದ ಸೋಡಾ ಫಾಸ್ಫೇಟ್ ಮಾಡಲು ಕಸಾಯಿಯವರಿಂದ ದನದ ಎಲುಬಿನ ಮೂಟೆಗಳನ್ನು ತರಿಸಿ ಮಾಳಿಗೆ ಮೇಲೆ ಒಣಗಲು ಹರಡಿದರು. ಚಳಿಗಾಲ, ಮಳೆ ಬರೋದಿಲ್ಲ ಎಂಬ ನಂಬಿಕೆ. ಬಂತು ನೋಡಿ ಅಕಾಲದ ಮಳೆ! ಅಂಟಿದ್ದ ಮಾಂಸ ಕೊಳೆತು ಹುಳ ಬಿತ್ತು, ಕಾಗೆಗಳು ಎಲುಬು ಕಚ್ಚಿಕೊಂಡು ಹೋಗಿ ಮಡಿವಂತರ ಅಂಗಳಕ್ಕೆ ಹಾಕಿದವು. ನೆರೆಯವರು ಸುಮ್ಮನಿರುತ್ತಾರೆಯೇ? ಕೊನೆಗೆ ಊರಾಚೆ ಮಾಣಿಕ್‌ತಲಾದ ಬಯಲಿಗೆ ಸಾಗಿಸಿ, ಇಟ್ಟಿಗೆ ಗೂಡಿನ ಹಾಗೆ ಒಟ್ಟಿ ಬೆಂಕಿ ಕೊಟ್ಟರು. ರಾತ್ರಿ ಉರಿ ಕಂಡು, ಯಾರೋ ಕೊಲೆ ಮಾಡಿ ಹೆಣ ಸುಡುತ್ತಿದ್ದಾರೆಂದು ಪೊಲೀಸರೇ ಬಂದರು! ಆ ಬೂದಿಗೆ ಗಂಧಕಾಮ್ಲ ಹಾಕಿದರೆ ಸಿಗುವುದೇ ಸೂಪರ್ ಫಾಸ್ಫೇಟ್. ಅದಕ್ಕೆ ಸೋಡಾ ಸೇರಿಸಿದರೆ ಔಷಧಿಯ ಪದಾರ್ಥ. ಈಗ ನಮಗೆ ಬರುವ ಸೂಪರ್‌ಗೆ ಎಲುಬಿನ ಬದಲು ರಾಕ್ ಫಾಸ್ಫೇಟ್ ಕಲ್ಲಿನ ಪುಡಿ ಬಳಸುತ್ತಾರೆ.

ಮಾಲು ತಯಾರಾದರೂ ನಾಡಿನ ಸರಕು ಅಂತ ಅಂಗಡಿಯವರು ಮೂಗು ಮುರಿದರು. ಗೆಳೆಯ ಡಾ. ಅಮೂಲ್ಯಚರಣ ಬೋಸ್ ಕೈಜೋಡಿಸಿ, ಬೇರೆ ಡಾಕ್ಟರುಗಳನ್ನು ಒಪ್ಪಿಸಿ ಚೀಟಿಯಲ್ಲಿ ಬರೆಸಿದರು. ನಮ್ಮ ಬೇಲಿಸಾಲಿನ ಆಡುಸೋಗೆ, ನೆಲಬೇವು, ಅಡಿಗೆಮನೆಯ ಓಮ ಇವೆಲ್ಲ ಅಲ್ಲಿ ಬಾಟಲಿ ಔಷಧಿಯಾದವು. 1898ರಲ್ಲಿ ಅಮೂಲ್ಯಚರಣರು ಪ್ಲೇಗಿಗೆ ಬಲಿಯಾದರು. ಮತ್ತೊಬ್ಬ ಸಂಗಡಿಗ ಪ್ರಯೋಗಶಾಲೆಯಲ್ಲೇ ವಿಷದಿಂದ ತೀರಿಕೊಂಡರು. ಇಬ್ಬರ ಹೊರೆಯೂ ರಾಯ್ ಅವರ ಹೆಗಲಿಗೇ ಬಿತ್ತು, ಆದರೂ ಬಾಗಿಲು ಹಾಕಲಿಲ್ಲ. ಬಂದ ಲಾಭ ಹಂಚಿಕೊಳ್ಳದೆ ಮತ್ತೆ ಕೆಲಸಕ್ಕೇ ಹಾಕಿ, 1901ರಲ್ಲಿ ಅದನ್ನು ಲಿಮಿಟೆಡ್ ಕಂಪನಿ ಮಾಡಿದರು. ಡಿವಿಡೆಂಡ್ ಸಾಲದು ಎಂದು ಮಹಾಸಭೆಯಲ್ಲಿ ಕೂಗಾಡುವ ನಮ್ಮ ಸದಸ್ಯ ಬಾಂಧವರು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.

ಮದುವೆಯಾಗಲಿಲ್ಲ. ವಿಜ್ಞಾನ ಕಾಲೇಜಿನದೇ ಒಂದು ಕೋಣೆಯಲ್ಲಿ ಬಾಳಿದರು. ಅರವತ್ತು ತುಂಬಿದ ಮೇಲೆ ಸಂಬಳವನ್ನೂ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1922ರಲ್ಲಿ ಉತ್ತರ ಬಂಗಾಳಕ್ಕೆ ನೆರೆ ಬಂದಾಗ ಪರಿಹಾರ ಸಮಿತಿಯ ಮುಂದಾಳು ಇವರೇ. ಹುಟ್ಟೂರಿನ ರೈತರಿಗಾಗಿ ಸಹಕಾರಿ ಬ್ಯಾಂಕನ್ನೂ ಕಟ್ಟಿಸಿದ್ದರು, ಅಂದರೆ ಇವರು ನಮ್ಮ ಪಂಗಡದವರೇ.

1944ರ ಜೂನ್ 16ರಂದು ಅದೇ ಕೋಣೆಯಲ್ಲಿ ತೀರಿಕೊಂಡರು. ಕಂಪನಿ ಮುಂದೆ ನಷ್ಟಕ್ಕೆ ಇಳಿದು, 1977ರಲ್ಲಿ ಆಡಳಿತ ಕೇಂದ್ರ ಸರ್ಕಾರದ ಕೈಗೆ ಹೋಗಿ, 1980ರಲ್ಲಿ ರಾಷ್ಟ್ರೀಕರಣವಾಯಿತು. ದಶಕಗಳ ನಷ್ಟದ ನಂತರ 2016-17ರ ಲೆಕ್ಕದಲ್ಲಿ ಮತ್ತೆ ಲಾಭ ತೋರಿಸಿತು.