ಜಾನ್ ಬಾಯ್ಡ್ ಓರ್: ಹಸಿದ ಮಕ್ಕಳ ತರಗತಿಯನ್ನು ಮರೆಯದ ವಿಜ್ಞಾನಿ



ಶಾಲೆಯಲ್ಲಿ ಬಿಸಿ ಹಾಲಿನ ಲೋಟ ಹಿಡಿದು ಸಾಲಿನಲ್ಲಿ ನಿಂತ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಜಾರಿಗೆ ಬಂದು, ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ತಲಾ 150 ಮಿಲಿಲೀಟರ್ ಹಾಲು ಸಿಗತೊಡಗಿತು. ಓದು ಕಲಿಸುವ ಜಾಗದಲ್ಲಿ ಹಾಲಿನ ಲೋಟಕ್ಕೆ ಏನು ಕೆಲಸ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಹಿಂದೆ ದೂರದ ಸ್ಕಾಟ್ಲೆಂಡಿನಲ್ಲಿ ತಕ್ಕಡಿ ಮತ್ತು ಅಳತೆಗೋಲು ಹಿಡಿದು ಉತ್ತರ ಹುಡುಕಿದ ಒಬ್ಬರ ಬದುಕನ್ನು ನಿಮಗೆ ಪರಿಚಯಿಸುವುದು ಈ ಬರಹದ ಉದ್ದೇಶ. ಅವರೇ ಜಾನ್ ಬಾಯ್ಡ್ ಓರ್.

ಓರ್ ಹುಟ್ಟಿದ್ದು 1880ರ ಸೆಪ್ಟೆಂಬರ್ 23ರಂದು, ಸ್ಕಾಟ್ಲೆಂಡಿನ ಕಿಲ್ಮಾರ್ಸ್ ಎಂಬ ಹಳ್ಳಿಯಲ್ಲಿ. ಏಳು ಮಕ್ಕಳ ಕುಟುಂಬ. ತಂದೆಗೆ ಕಲ್ಲುಗಣಿಯ ವ್ಯವಹಾರವಿತ್ತು. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ಓದಿಗೆ ಗೌರವವಿತ್ತು. ವಿದ್ಯಾರ್ಥಿವೇತನದ ನೆರವಿನಿಂದ ಅವರು ಗ್ಲಾಸ್ಗೋದಲ್ಲಿ ಶಿಕ್ಷಕ ತರಬೇತಿಯನ್ನೂ ವಿಶ್ವವಿದ್ಯಾಲಯದ ಪದವಿಯನ್ನೂ ಮುಗಿಸಿದರು.

ಮುಂದಿನ ಘಟನೆಯನ್ನು ಸ್ವಲ್ಪ ಗಮನವಿಟ್ಟು ಓದಿರಿ. ಹೊಸದಾಗಿ ಮೇಷ್ಟ್ರಾದ ಓರ್ ಅವರಿಗೆ ಕೆಲಸ ಸಿಕ್ಕಿದ್ದು ಗ್ಲಾಸ್ಗೋದ ಕೊಳೆಗೇರಿಯೊಂದರ ಶಾಲೆಯಲ್ಲಿ. ತರಗತಿಯ ತುಂಬ ಕಿಕ್ಕಿರಿದ ಮಕ್ಕಳು. ಹರಿದ ಬಟ್ಟೆ, ತಲೆಯಲ್ಲಿ ಹೇನು, ಹೊಟ್ಟೆಯಲ್ಲಿ ಹಸಿವು. ಇಂಥ ಸ್ಥಿತಿಯಲ್ಲಿರುವ ಮಕ್ಕಳಿಗೆ ತಾನು ಯಾವ ಪಾಠ ಹೇಳಿದರೂ ತಲೆಗೆ ಹತ್ತುವುದಿಲ್ಲ, ಅವರ ಕಷ್ಟ ನೀಗಿಸುವ ಶಕ್ತಿಯೂ ತನಗಿಲ್ಲ ಎಂದು ಅವರಿಗೆ ಅನ್ನಿಸಿತು. ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಅವರು ಹೇಡಿಯಂತೆ ಓಡಿಹೋದರು ಎಂದು ನೀವು ಹೇಳಬಹುದು. ಹಾಗೆ ಹೇಳುವುದು ತಪ್ಪೂ ಅಲ್ಲ. ಆದರೆ ಆ ತರಗತಿಯನ್ನು ಅವರು ಮರೆಯಲಿಲ್ಲ. ಅವರ ಮುಂದಿನ ಎಪ್ಪತ್ತು ವರ್ಷಗಳ ಬದುಕನ್ನು ನೋಡಿದರೆ, ಬಿಟ್ಟುಬಂದ ಆ ತರಗತಿಗೆ ಬೇರೆ ಬಾಗಿಲಿನಿಂದ ಮರಳಿ ಹೋಗುವ ಪ್ರಯತ್ನವೇ ಅದು ಎನ್ನಿಸುತ್ತದೆ.

ಕೆಲಕಾಲ ಸಾಲ್ಟ್‌ಕೋಟ್ಸ್ ಪಟ್ಟಣದ ಇನ್ನೊಂದು ಶಾಲೆಯಲ್ಲಿ ಪಾಠ ಮಾಡಿದ ಅವರು, 25ನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಜೀವಶಾಸ್ತ್ರ ಮತ್ತು ವೈದ್ಯಕೀಯ ಓದಿದರು. ಓದಿಗಾಗಿ ಮಾಡಿದ ಸಾಲ ತೀರಿಸಲು ಕೆಲವು ತಿಂಗಳು ಹಡಗಿನ ವೈದ್ಯರಾಗಿ ಆಫ್ರಿಕಾದ ಪಶ್ಚಿಮ ಕರಾವಳಿಗೆ ಹೋಗಿಬಂದರು. ಆದರೆ ಊರಿನಲ್ಲಿ ದವಾಖಾನೆ ತೆರೆದು ಕೂರುವ ಬದಲು, ಆಹಾರ ಮತ್ತು ಪೋಷಣೆಯ ಸಂಶೋಧನೆಯನ್ನು ಆರಿಸಿಕೊಂಡರು.

1914ರ ಏಪ್ರಿಲ್‌ನಲ್ಲಿ ಅಬರ್ಡೀನ್ ನಗರದ ಪೋಷಣಾ ಸಂಶೋಧನಾ ಸಂಸ್ಥೆಯ ಹೊಣೆ ಹೊರಲು ಹೋದಾಗ, ಸಂಸ್ಥೆ ಕಾಗದದ ಮೇಲೆ ಮಾತ್ರ ಇತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಸೇನಾ ವೈದ್ಯರಾಗಿ ರಣರಂಗದಲ್ಲಿ ಸೇವೆ ಸಲ್ಲಿಸಿ ಎರಡು ಶೌರ್ಯ ಪದಕಗಳನ್ನು ಪಡೆದರು. ಯುದ್ಧ ಮುಗಿದ ಮೇಲೆ ದಾನಿಗಳನ್ನು ಹುಡುಕಿ ಹಣ ಕೂಡಿಸಿ ಸಂಸ್ಥೆ ಕಟ್ಟಿದರು. 1922ರಲ್ಲಿ ಉದ್ಘಾಟನೆಯಾದ ಅದು, ಮುಖ್ಯ ದಾನಿಯ ಹೆಸರಿನಲ್ಲಿ ರೊವೆಟ್ ಸಂಸ್ಥೆ ಎಂದು ಪ್ರಸಿದ್ಧವಾಯಿತು.

ಆ ಸಂಸ್ಥೆಯ ಮೊದಲ ಕೆಲಸ ದನ, ಕುರಿ, ಹಂದಿಗಳ ಮೇವಿನ ಕುರಿತದ್ದು. ಯಾವ ಮೇವಿನಲ್ಲಿ ಯಾವ ಖನಿಜ ಕಡಿಮೆಯಾದರೆ ಕರು ಸೊರಗುತ್ತದೆ ಎಂಬುದು ವಿಜ್ಞಾನಿಗಳಿಗೆ ತಿಳಿಯುತ್ತಿತ್ತು, ರೈತರು ಅದನ್ನು ಪಾಲಿಸುತ್ತಲೂ ಇದ್ದರು. ಕರುವಿನ ಮೇವಿಗೆ ಸಿಗುವ ಈ ಕಾಳಜಿ ಕಾರ್ಮಿಕರ ಮನೆಯ ಮಗುವಿನ ಊಟಕ್ಕೆ ಸಿಗುತ್ತಿರಲಿಲ್ಲ. ಓರ್ ಅವರ ಸಂಶೋಧನೆ ಕೊಟ್ಟಿಗೆಯಿಂದ ಶಾಲೆಯ ಕಡೆಗೆ ತಿರುಗಿತು.

1926-27ರಲ್ಲಿ ಸ್ಕಾಟ್ಲೆಂಡಿನ ಮುಖ್ಯ ಪಟ್ಟಣಗಳಲ್ಲೂ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲೂ ಅವರ ನೇತೃತ್ವದಲ್ಲಿ ಶಾಲಾಮಕ್ಕಳ ಹಾಲಿನ ಪ್ರಯೋಗ ನಡೆಯಿತು. ಅದರ ಕ್ರಮವನ್ನು ವಿಜ್ಞಾನದ ವಿದ್ಯಾರ್ಥಿಗಳಾದ ನೀವು ತಿಳಿದಿರಬೇಕು. ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ದಿನವೂ ಶಾಲೆಯಲ್ಲಿ ಗಟ್ಟಿ ಹಾಲು. ಇನ್ನೊಂದಕ್ಕೆ ಕೆನೆ ತೆಗೆದ ಹಾಲು. ಮೂರನೆಯದಕ್ಕೆ ಅಷ್ಟೇ ಶಕ್ತಿ ಕೊಡುವ ಬಿಸ್ಕತ್ತು. ನಾಲ್ಕನೆಯದಕ್ಕೆ ಹೆಚ್ಚುವರಿಯಾಗಿ ಏನೂ ಇಲ್ಲ. ಮೊದಲೂ ಕೊನೆಯಲ್ಲೂ ಎಲ್ಲರ ಎತ್ತರ ಮತ್ತು ತೂಕ ಅಳೆಯಲಾಯಿತು. ಏಳು ತಿಂಗಳ ನಂತರ ನೋಡಿದಾಗ, ಹಾಲು ಕುಡಿದ ಮಕ್ಕಳ ಬೆಳವಣಿಗೆಯ ವೇಗ ಉಳಿದವರಿಗಿಂತ ಶೇಕಡಾ 20ರಷ್ಟು ಹೆಚ್ಚಾಗಿತ್ತು. ಬಿಸ್ಕತ್ತಿನಿಂದ ಅಂಥ ಲಾಭ ಕಾಣಲಿಲ್ಲ. ಕೆನೆ ತೆಗೆದ ಹಾಲು ಮಾತ್ರ ಗಟ್ಟಿ ಹಾಲಿನಷ್ಟೇ ಫಲ ಕೊಟ್ಟಿತ್ತು. ಅಂದರೆ ಹೊಟ್ಟೆ ತುಂಬಿದರೆ ಸಾಲದು, ತುಂಬಿದ್ದು ಏನು ಎಂಬುದೂ ಮುಖ್ಯ. ಕೊಳ್ಳುವವರಿಲ್ಲದೆ ವ್ಯರ್ಥವಾಗುತ್ತಿದ್ದ ಅಗ್ಗದ ಹಾಲಿನಿಂದಲೇ ಬಡಮಕ್ಕಳು ಬೆಳೆಯಬಲ್ಲರು ಎಂಬುದು ಸ್ಪಷ್ಟವಾಯಿತು.

ಈ ಫಲಿತಾಂಶವನ್ನು ಇನ್ನೂ ದೊಡ್ಡದಾಗಿ ಪರೀಕ್ಷಿಸಲು ಸ್ಕಾಟ್ಲೆಂಡಿನ ಆರೋಗ್ಯ ಇಲಾಖೆ 1930ರಲ್ಲಿ ಲನಾರ್ಕ್‌ಶೈರ್ ಜಿಲ್ಲೆಯ 67 ಶಾಲೆಗಳಲ್ಲಿ ಪ್ರಯೋಗ ನಡೆಸಿತು. 10,000 ಮಕ್ಕಳಿಗೆ ಹಾಲು, ಹೋಲಿಕೆಗಾಗಿ ಹಾಲಿಲ್ಲದ 10,000 ಮಕ್ಕಳು. ಇದು ಓರ್ ಅವರು ಸ್ವತಃ ನಡೆಸಿದ ಪ್ರಯೋಗವಲ್ಲ. ಆದರೂ ಇದರ ಕತೆಯಲ್ಲಿ ನಮಗೊಂದು ದೊಡ್ಡ ಪಾಠವಿದೆ.

ಮಕ್ಕಳನ್ನು ಚೀಟಿ ಎತ್ತಿ ಅಥವಾ ಹೆಸರಿನ ಅಕ್ಷರಗಳ ಕ್ರಮದಲ್ಲಿ ಆರಿಸಬೇಕೆಂಬ ನಿಯಮವಿತ್ತು. ಜೊತೆಗೆ, ಒಂದು ಗುಂಪಿನಲ್ಲಿ ಸೊರಗಿದವರೋ ಪುಷ್ಟರೋ ಹೆಚ್ಚಾಗಿದ್ದರೆ ಮಕ್ಕಳನ್ನು ಬದಲಾಯಿಸಬಹುದು ಎಂಬ ಸಡಿಲಿಕೆಯೂ ಇತ್ತು. ಆಗ ಏನಾಗಿರಬಹುದು, ನೀವೇ ಊಹಿಸಿ. ಎದುರಿಗೆ ಸೊರಗಿದ ಮಗು ನಿಂತಿರುವಾಗ ಯಾವ ಮೇಷ್ಟ್ರ ಮನಸ್ಸು ಕರಗುವುದಿಲ್ಲ? ಬಡಮಕ್ಕಳು ಹಾಲಿನ ಗುಂಪಿಗೆ ಬಂದರು, ಉಳ್ಳವರ ಮಕ್ಕಳು ಇನ್ನೊಂದು ಗುಂಪಿಗೆ ಹೋದರು. ಹಾಗಾಗಿ ಹಾಲಿಲ್ಲದ ಗುಂಪಿನ ಮಕ್ಕಳು ಆರಂಭದಲ್ಲೇ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ಸುಮಾರು ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು. ಫೆಬ್ರವರಿಯ ಚಳಿಯಲ್ಲೂ ಜೂನ್‌ನ ಬೇಸಿಗೆಯಲ್ಲೂ ಮಕ್ಕಳನ್ನು ಬಟ್ಟೆಯೊಂದಿಗೇ ತೂಗಿದ್ದು ಇನ್ನೊಂದು ತೊಡಕು. ದಪ್ಪ ಉಡುಪು ಉಳ್ಳವರ ಮಕ್ಕಳು ಅದನ್ನು ಕಳಚಿದಾಗ ತೂಕ ಕಡಿಮೆ ಕಂಡಿತು, ಬಡಮಗುವಿಗೆ ಕಳಚಲು ದಪ್ಪ ಉಡುಪೇ ಇರಲಿಲ್ಲ. ಈ ದೋಷಗಳನ್ನು 1931ರಲ್ಲಿ ಎತ್ತಿ ತೋರಿಸಿದವರು ವಿಲಿಯಂ ಗಾಸೆಟ್ ಎಂಬ ಸಂಖ್ಯಾಶಾಸ್ತ್ರಜ್ಞರು. ಅವರು ಬರೆಯುತ್ತಿದ್ದದ್ದು ಸ್ಟೂಡೆಂಟ್, ಅಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮದಲ್ಲಿ! 20,000 ಮಕ್ಕಳ ಬದಲು ತದ್ರೂಪಿ ಅವಳಿಗಳ 50 ಜೋಡಿಗಳನ್ನು ಸರಿಯಾಗಿ ಗಮನಿಸಿದರೆ, ಅತ್ಯಲ್ಪ ಖರ್ಚಿನಲ್ಲಿ ಹೆಚ್ಚು ನಂಬಬಹುದಾದ ಉತ್ತರ ಸಿಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಶಿಕ್ಷಕರ ಕರುಣೆ ತಪ್ಪೇ? ಖಂಡಿತ ಅಲ್ಲ. ಆದರೆ ಅದು ಅಳತೆಯೊಳಗೆ ನುಸುಳಿದಾಗ, ಹಾಲಿನಿಂದ ಎಷ್ಟು ಪ್ರಯೋಜನ ಎಂಬ ಲೆಕ್ಕವೇ ಮಸುಕಾಯಿತು. ಲೆಕ್ಕ ಮಸುಕಾದರೆ, ನಾಡಿನ ಎಲ್ಲ ಮಕ್ಕಳಿಗೂ ಹಾಲು ಕೊಡಿ ಎಂದು ಸರಕಾರವನ್ನು ಕೇಳುವವರ ವಾದವೂ ದುರ್ಬಲವಾಗುತ್ತದೆ.

ಓರ್ ಅವರ ಪ್ರಯತ್ನ ಮಾತ್ರ ನಿಲ್ಲಲಿಲ್ಲ. 1934ರಲ್ಲಿ ಬ್ರಿಟನ್ನಿನ ಶಾಲೆಗಳಿಗೆ ರಿಯಾಯಿತಿ ದರದ ಹಾಲು ಬಂತು. 1936ರಲ್ಲಿ ಅವರು ಆಹಾರ, ಆರೋಗ್ಯ ಮತ್ತು ಆದಾಯ ಕುರಿತ ಪ್ರಸಿದ್ಧ ವರದಿಯನ್ನು ಪ್ರಕಟಿಸಿದರು. 1,152 ಕುಟುಂಬಗಳ ಖರ್ಚುವೆಚ್ಚ ಪರಿಶೀಲಿಸಿ, ದೇಶದ ಸುಮಾರು ಅರ್ಧದಷ್ಟು ಜನರಿಗೆ ಪೂರ್ಣ ಆರೋಗ್ಯಕ್ಕೆ ಬೇಕಾದ ಆಹಾರ ಸಿಗುತ್ತಿಲ್ಲ ಎಂದು ತೋರಿಸಿದರು. ಅಧಿಕಾರದಲ್ಲಿದ್ದ ಕೆಲವರಿಗೆ ಅದು ರುಚಿಸಲಿಲ್ಲ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರ ಹಂಚಿಕೆಗೆ ಇಂಥ ಸಂಶೋಧನೆಗಳೇ ದಾರಿ ತೋರಿದವು. 1946ರಲ್ಲಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಾಲು ಉಚಿತವಾಯಿತು.

1945ರಲ್ಲಿ ಓರ್ ಅವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದರು. ಹೆಚ್ಚು ಬೆಳೆದವರ ಧಾನ್ಯ ಹಸಿದವರಿಗೆ ತಲಪುವಂತೆ ವಿಶ್ವ ಆಹಾರ ಮಂಡಳಿಯೊಂದನ್ನು ಕಟ್ಟಬೇಕೆಂಬುದು ಅವರ ಕನಸು. ಬಲಿಷ್ಠ ರಾಷ್ಟ್ರಗಳು ಒಪ್ಪಲಿಲ್ಲ. 1948ರಲ್ಲಿ ಅವರು ಆ ಹುದ್ದೆಯಿಂದ ನಿರ್ಗಮಿಸಿದರು. ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಬಹುಮಾನದ ಹಣವನ್ನು ಶಾಂತಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಟ್ಟುಬಿಟ್ಟರು.

1971ರ ಜೂನ್ 25ರಂದು, 90ರ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಅದೇ ವರ್ಷ ಬ್ರಿಟನ್ನಿನಲ್ಲಿ ಏಳು ವರ್ಷ ದಾಟಿದ ಹೆಚ್ಚಿನ ಮಕ್ಕಳಿಗೆ ಶಾಲೆಯ ಉಚಿತ ಹಾಲು ನಿಂತುಹೋಯಿತು. ಒಮ್ಮೆ ಗೆದ್ದದ್ದು ಶಾಶ್ವತವಲ್ಲ ಎಂಬುದನ್ನೂ ನಾವು ನೆನಪಿಡಬೇಕು.

ಆದರೆ ಬರೆದಿಟ್ಟ ಅಳತೆಗಳು ಉಳಿದವು. 1937ರಿಂದ 1939ರವರೆಗೆ ಓರ್ ಅವರ ಸಂಸ್ಥೆ 1,352 ಕುಟುಂಬಗಳ ಆಹಾರವನ್ನೂ ಮಕ್ಕಳ ಬೆಳವಣಿಗೆಯನ್ನೂ ದಾಖಲಿಸಿತ್ತು. ದಶಕಗಳ ನಂತರ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಆ ಹಳೆಯ ಕಡತಗಳನ್ನು ತೆರೆದು, 4,999 ಮಕ್ಕಳ ಮುಂದಿನ ಬದುಕನ್ನು ಹುಡುಕಿದರು. ಬಾಲ್ಯದ ಊಟಕ್ಕೂ ಇಳಿವಯಸ್ಸಿನ ಆರೋಗ್ಯಕ್ಕೂ ಇರುವ ನಂಟನ್ನು ಅರಿಯಲು ಆ ಕಡತಗಳು ನೆರವಾದವು.

ಸಂಘದ ಸದಸ್ಯರೇ, ನಮ್ಮ ಊರಿನ ಶಾಲೆಗಳಲ್ಲೂ ಆರೋಗ್ಯ ಶಿಬಿರಗಳು ನಡೆಯುತ್ತವೆ. ಉದ್ಘಾಟನೆಯ ಭಾವಚಿತ್ರಗಳು ಉಳಿಯುತ್ತವೆ, ಮಕ್ಕಳ ತೂಕದ ಪಟ್ಟಿ ಎಲ್ಲೋ ಕಳೆದುಹೋಗುತ್ತದೆ. ಮುಂದಿನ ಶಿಬಿರದ ದಿನ ಒಂದು ಗಟ್ಟಿ ರಟ್ಟಿನ ಪುಸ್ತಕ ಕೊಳ್ಳೋಣ. ಪ್ರತಿ ಮಗುವಿನ ಎತ್ತರ, ತೂಕ, ದಿನಾಂಕ ಬರೆದು, ಆರು ತಿಂಗಳ ನಂತರ ಅದೇ ತಕ್ಕಡಿಯಲ್ಲಿ ಮತ್ತೆ ತೂಗೋಣ. ಎಲ್ಲರಿಗೂ ಒಮ್ಮೆಲೇ ಕೊಡಲು ಹಣ ಸಾಲದಿದ್ದರೆ ಚೀಟಿ ಎತ್ತಿ ಆರಿಸೋಣ, ಉಳಿದವರಿಗೆ ಮುಂದಿನ ಸರದಿಯಲ್ಲಿ ತಪ್ಪದೆ ಕೊಡೋಣ. ಆಗ ಕರುಣೆಯೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ನಾಳೆ ಶಿಕ್ಷಕರಾಗಿ ತರಗತಿಗೆ ಕಾಲಿಟ್ಟಾಗ, ಹಾಜರಿ ಕರೆಯುವ ಮೊದಲು ಮಕ್ಕಳ ಮುಖವನ್ನೊಮ್ಮೆ ನೋಡಿರಿ. ಬೆಳಿಗ್ಗೆ ತಿಂಡಿ ತಿಂದು ಬಂದವರು ಯಾರು, ತಿನ್ನದೆ ಬಂದವರು ಯಾರು ಎಂದು ಆ ಮುಖಗಳೇ ಹೇಳುತ್ತವೆ.