ದೀಪದ ಮುಂದಿನ ಗಾಜು ಮತ್ತು ಫ್ರೆನೆಲ್ ಎಂಬ ಇಂಜಿನಿಯರ್

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಕವಿಗಳ, ರಾಜರ, ಸಂತರ ಜೀವನಗಳು ಬಂದೇ ಬರುತ್ತವೆ. ಈ ಸಲ ನಮ್ಮ ಕೆಲಸಕ್ಕೆ ಹತ್ತಿರದವನೊಬ್ಬನ ಕಥೆ ಬರೀತೀನಿ ಅಂತ ಸಂಪಾದಕರಲ್ಲಿ ಕೇಳಿಕೊಂಡೆ. ಇಲ್ಲಿ ಕೊಲ್ಲಿಯಲ್ಲಿ ನಾನು ಮಾಡೋದು ಗೋದಾಮು, ಪಾರ್ಕಿಂಗ್ ಜಾಗಗಳಿಗೆ ಎಲ್‌ಇಡಿ ದೀಪ ಹಾಕುವ ಕೆಲಸ. ಆ ದೀಪದ ಮುಂದಿರುವ ಚಿಕ್ಕ ಪ್ಲಾಸ್ಟಿಕ್ ಲೆನ್ಸನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ನೆನಪಾಗುತ್ತಾನೆ.

ಈತ ಹುಟ್ಟಿದ್ದು 1788ರ ಮೇ 10ರಂದು, ನಾರ್ಮಂಡಿ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಎಂಟು ವರ್ಷವಾದರೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಗೆಳೆಯರಿಗೆ ಆಟದ ಬಿಲ್ಲು ಮಾಡಿಕೊಡೋದರಲ್ಲಿ ಮಾತ್ರ ಎತ್ತಿದ ಕೈ. ಹದಿನಾರಕ್ಕೆ ಪ್ಯಾರಿಸ್ಸಿನ ಪಾಲಿಟೆಕ್ನಿಕ್ ಸೇರಿದ, ಆಮೇಲೆ ಸರ್ಕಾರಿ ರಸ್ತೆ ಇಂಜಿನಿಯರ್ ಆದ. ಊರು ಬಿಟ್ಟು ದೂರದ ಜಿಲ್ಲೆಗಳಲ್ಲಿ ಮಣ್ಣು, ಜಲ್ಲಿ, ಕೂಲಿ ಲೆಕ್ಕ ನೋಡುವ ಕೆಲಸ. ಆ ಕೆಲಸದಲ್ಲಿ ಅವನಿಗೆ ಮನಸ್ಸಿರಲಿಲ್ಲ. ಬೆಳಕಿನ ಬಗ್ಗೆ ಯೋಚಿಸಿದ್ದೆಲ್ಲ ಡ್ಯೂಟಿ ಮುಗಿದ ಮೇಲೆ, ರಜೆಯಲ್ಲಿ.

1815ರಲ್ಲಿ ನೆಪೋಲಿಯನ್ ಮತ್ತೆ ಅಧಿಕಾರಕ್ಕೆ ಬಂದಾಗ ಫ್ರೆನೆಲ್ ಅವನ ವಿರುದ್ಧ ನಿಂತ. ಕೆಲಸ ಹೋಯಿತು, ಪೊಲೀಸರ ಕಣ್ಣೂ ಬಿತ್ತು. ತಾಯಿಯ ಮನೆಗೆ ಹೋಗಿ ಕೂತ. ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತುಕೊಂಡಿರೋರು. ಇವನು ಊರಿನ ಬೀಗ ಮಾಡುವವನ ಹತ್ತಿರ ಸಾಮಾನು ಮಾಡಿಸಿಕೊಂಡು, ಲೆನ್ಸ್ ಇಲ್ಲದ್ದಕ್ಕೆ ಒಂದು ಹನಿ ಜೇನುತುಪ್ಪವನ್ನೇ ಲೆನ್ಸ್ ಮಾಡಿಕೊಂಡು ಪ್ರಯೋಗ ಶುರು ಮಾಡಿದ! ಬೆಳಕು ಅಲೆ ಎಂದು ತೋರಿಸಿದ ಅವನ ಪ್ರಬಂಧಕ್ಕೆ 1819ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ಬಂತು.

ಅದೇ ವರ್ಷ ದೀಪಸ್ತಂಭಗಳ ಸಮಿತಿಗೂ ಅವನನ್ನು ಸೇರಿಸಿಕೊಂಡರು. ಆಗ ದೀಪಸ್ತಂಭದಲ್ಲಿ ಎಣ್ಣೆ ದೀಪ, ಅದರ ಹಿಂದೆ ಬೆಳ್ಳಿ ಲೇಪದ ತಾಮ್ರದ ಕನ್ನಡಿ. ಸುಮಾರು ಅರ್ಧ ಬೆಳಕನ್ನು ಕನ್ನಡಿಯೇ ನುಂಗಿಬಿಡುತ್ತಿತ್ತು. ಬೆಳಕು ಕಾಣದೆ ಬಂಡೆಗೆ ಬಡಿದರೆ ಹಡಗಿನ ಜೊತೆ ಅದರಲ್ಲಿದ್ದ ಕೂಲಿಕಾರ ಖಲಾಸಿಗಳ ಪ್ರಾಣವೂ ಹೋಗುತ್ತಿತ್ತು. ಕನ್ನಡಿ ಬದಲು ದೊಡ್ಡ ಲೆನ್ಸ್ ಇಡೋಣ ಅಂದರೆ ಮಧ್ಯದಲ್ಲಿ ದಪ್ಪ ಗಾಜು, ವಿಪರೀತ ಭಾರ, ಬೆಳಕೂ ಅದರಲ್ಲೇ ಇಂಗಿಹೋಗುತ್ತೆ.

ಫ್ರೆನೆಲ್ ಹಿಡಿದ ಎಳೆ ಸರಳ. ಬೆಳಕು ಬಾಗೋದು ಗಾಜಿನ ಮೇಲ್ಮೈಯಲ್ಲಿ. ಹೊಟ್ಟೆಯೊಳಗಿನ ಗಾಜು ಸುಮ್ಮನೆ ಭಾರ. ಅದನ್ನು ತೆಗೆದು, ಮೇಲ್ಮೈಯ ಓರೆಯನ್ನಷ್ಟೇ ಉಳಿಸಿ, ಕಲ್ಯಾಣಿಯ ಮೆಟ್ಟಿಲಿನ ಹಾಗೆ ಉಂಗುರ ಉಂಗುರವಾಗಿ ಜೋಡಿಸಿದ. ಮೆಟ್ಟಿಲಿನ ಯೋಚನೆ ಬಫನ್ ಎಂಬುವನಿಗೆ ಮೊದಲೇ ಬಂದಿತ್ತು. ಆದರೆ ಒಂದೊಂದು ಉಂಗುರಕ್ಕೂ ಬೇರೆ ಬೇರೆ ಓರೆ ಲೆಕ್ಕಹಾಕಿ, ತುಂಡುಗಳನ್ನು ಮಾಡಿಸಿ, ಸಮುದ್ರದ ಮೇಲೆ ಉರಿಸಿ ತೋರಿಸಿದವನು ಇವನೇ.

ಇದೇ ಲೆಕ್ಕ ನಮ್ಮ ಎಲ್‌ಇಡಿಗೂ ನಡೆಯುತ್ತೆ. ಬರೀ ಚಿಪ್ ಸುಮಾರು 120 ಡಿಗ್ರಿ ಅಗಲಕ್ಕೆ ಬೆಳಕು ಚೆಲ್ಲುತ್ತೆ. ಲೆನ್ಸ್ ಹೊಸ ಬೆಳಕು ಹುಟ್ಟಿಸೋದಿಲ್ಲ, ನಿಜ ಹೇಳಬೇಕಂದ್ರೆ ಸ್ವಲ್ಪ ತಿನ್ನುತ್ತೆ. ಒಟ್ಟು ಲ್ಯೂಮೆನ್ ಒಂಚೂರು ಇಳಿಯುತ್ತೆ, ಆದರೆ ಇದ್ದದ್ದನ್ನು ಒಂದು ಕಡೆ ಸೇರಿಸುತ್ತೆ. 60 ಡಿಗ್ರಿ ಬೆಳಕನ್ನು 30 ಡಿಗ್ರಿಗೆ ಇಳಿಸಿದರೆ ನಡುವಿನ ತೀವ್ರತೆ ಹತ್ತಿರ ಹತ್ತಿರ ನಾಲ್ಕು ಪಟ್ಟು ಏರುತ್ತೆ. ವ್ಯಾಟ್ ಅಷ್ಟೇ, ಕರೆಂಟ್ ಬಿಲ್ ಅಷ್ಟೇ. ಎತ್ತರದ ಛಾವಣಿಯಿಂದ ಬೆಳಕು ನೆಲಕ್ಕೆ ಸಾಲೋದಿಲ್ಲ ಅಂತ ದೊಡ್ಡ ವ್ಯಾಟ್ ತರಿಸೋರನ್ನು ಕಂಡಾಗ ಮೊದಲು ಲೆನ್ಸ್ ನೋಡ್ರಪ್ಪಾ ಅನ್ನಿಸುತ್ತೆ. ಅದೇ ಚೂಪಾದ ಲೆನ್ಸನ್ನು ತಗ್ಗಿನ ಛಾವಣಿಗೆ ಹಾಕಿದರೆ ಕೆಳಗೆ ಕಣ್ಣು ಕುಕ್ಕುವ ಬೆಳಕು, ಎರಡು ದೀಪದ ನಡುವೆ ಕತ್ತಲೆ. ಬೀದಿ ದೀಪಕ್ಕೆ ಕಡಲೆಕಾಯಿ ಆಕಾರದ ಲೆನ್ಸ್ ಇರೋದು ಬೆಳಕು ರಸ್ತೆಯ ಉದ್ದಕ್ಕೆ ಹರಡಲಿ ಅಂತ.

ಸ್ಪಾಟ್ ಲೈಟಿನ ಬಟ್ಟಲಿನಂಥ ಲೆನ್ಸ್ ನೋಡಿದ್ದೀರಲ್ಲ? ನಡುಭಾಗ ಬೆಳಕನ್ನು ಬಾಗಿಸುತ್ತೆ, ಪಕ್ಕದ ಗೋಡೆ ಒಳಗಿನಿಂದಲೇ ಕನ್ನಡಿಯಂತೆ ಮುಂದಕ್ಕೆ ತಳ್ಳುತ್ತೆ. ಆ ಎರಡನ್ನೂ ಒಂದೇ ದೀಪದಲ್ಲಿ ಫ್ರೆನೆಲ್ ಸೇರಿಸಿದ್ದ, ಪ್ಯಾರಿಸ್ಸಿನ ಸೇಂಟ್ ಮಾರ್ಟಿನ್ ಕಾಲುವೆಯ ದಡದ ಸಣ್ಣ ದೀಪಗಳಿಗೆ.

1822ರ ಆಗಸ್ಟ್‌ನಲ್ಲಿ, ಇನ್ನೂ ಕಟ್ಟಿ ಮುಗಿಯದಿದ್ದ ಆರ್ಕ್ ದ ಟ್ರಯಂಫ್ ಮೇಲೆ ಲೆನ್ಸ್ ಇಟ್ಟು ಪರೀಕ್ಷೆ ಮಾಡಿದರು. 32 ಕಿಲೋಮೀಟರ್ ದೂರಕ್ಕೆ ಕಾಣಿಸಿತು. 1823ರ ಜುಲೈ 25ರಂದು ಗಿರೋಂಡ್ ನದಿ ಸಮುದ್ರ ಸೇರುವಲ್ಲಿನ ಕೊರ್ದುವಾನ್ ದೀಪಸ್ತಂಭದಲ್ಲಿ ಎಂಟು ಲೆನ್ಸ್ ಫಲಕಗಳು ಒಂದೇ ದೀಪದ ಸುತ್ತ ತಿರುಗತೊಡಗಿದವು.

ಅಷ್ಟರಲ್ಲಿ ಕ್ಷಯ ಅವನ ಎದೆಗೆ ಇಳಿದಿತ್ತು. ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ ರಮ್‌ಫರ್ಡ್ ಪದಕವನ್ನು ಗೆಳೆಯ ಅರಾಗೋ ಹಾಸಿಗೆಯ ಬಳಿ ತಂದುಕೊಟ್ಟ ಕೆಲವೇ ದಿನಕ್ಕೆ, 1827ರ ಜುಲೈ 14ರಂದು, ಫ್ರೆನೆಲ್ ತೀರಿಕೊಂಡ. ವಯಸ್ಸು 39. ದೀಪಸ್ತಂಭದ ಕೆಲಸವನ್ನು ಆಮೇಲೆ ತಮ್ಮ ಲಿಯೋನೋರ್ ಮುಂದುವರಿಸಿದ. ಪ್ಯಾರಿಸ್ಸಿಗೆ ಹೋಗುವ ಅವಕಾಶ ಯಾರಿಗಾದರೂ ಸಿಕ್ಕರೆ ಐಫೆಲ್ ಗೋಪುರದ ಮೊದಲ ಅಟ್ಟದ ಸುತ್ತ ಬರೆದಿರುವ 72 ಹೆಸರುಗಳನ್ನು ನೋಡಿ. ಅದರಲ್ಲಿ ಇವನದೂ ಇದೆ.