ಶಾಲೆಗೆ ಮನೆಯ ಬಾಗಿಲು ತೆರೆದ ನಾನಾ ಶಂಕರಶೇಟ್

ಗ್ರಾಂಟ್ ರೋಡ್ ಸ್ಟೇಶನ್ನಿನ ಬಳಿಯ ನಾನಾ ಚೌಕವನ್ನು ಅರಿಯದ ಕನ್ನಡಿಗರು ಮುಂಬಯಿಯಲ್ಲಿ ವಿರಳ. ಆದರೆ ಆ ನಾನಾ ಯಾರೆಂದು ಕೇಳಿದರೆ, ಬಲ್ಲವರೂ ರೈಲ್ವೆಯ ಮಾತನ್ನಷ್ಟೇ ಎತ್ತುತ್ತಾರೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ಪ್ರಥಮ ಬಂಡಿಯ ಕಂಪನಿಯಲ್ಲಿ ಅವರು ನಿರ್ದೇಶಕರಾಗಿದ್ದುದು ನಿಜವೇ. ಅದಕ್ಕಿಂತ ಹಿರಿದಾದ ಅವರ ಇನ್ನೊಂದು ಕಾರ್ಯವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಜಗನ್ನಾಥ ಶಂಕರಶೇಟ್ ಜನಿಸಿದ್ದು 1803ರಲ್ಲಿ. ಠಾಣೆ ಜಿಲ್ಲೆಯ ಮುರಬಾಡ್ ಮೂಲದ ದೈವಜ್ಞ ಮನೆತನ. ವ್ಯಾಪಾರದಿಂದ ಬಂದ ಅಪಾರ ಸಂಪತ್ತು. 1822ರಲ್ಲಿ ತಂದೆ ತೀರಿಕೊಂಡಾಗ ಹತ್ತೊಂಬತ್ತರ ಆ ತರುಣನ ಹೆಗಲ ಮೇಲೆ ಮನೆಯ ಭಾರವೆಲ್ಲ ಬಿತ್ತು. ಅಂಥ ವಯಸ್ಸಿನಲ್ಲಿ ಧನವು ಕೈಸೇರಿದರೆ ಏನಾಗುವುದೆಂಬುದನ್ನು ನಾವು ಈ ನಗರದಲ್ಲಿ ಬೇಕಾದಷ್ಟು ಕಂಡಿದ್ದೇವೆ. ಜಗನ್ನಾಥರಾದರೋ ಅದೇ ದಶಕದಲ್ಲಿ ಶಾಲೆಗಳನ್ನೂ ಪಠ್ಯಪುಸ್ತಕಗಳನ್ನೂ ಒದಗಿಸಲು ಹುಟ್ಟಿದ ಸಂಘದಲ್ಲಿ ದುಡಿಯತೊಡಗಿದರು. 1827ರಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ ಸ್ವದೇಶಕ್ಕೆ ಮರಳಿದಾಗ ನಾಗರಿಕರು ಎರಡು ಲಕ್ಷ ರೂಪಾಯಿಗೂ ಮಿಕ್ಕಿ ನಿಧಿ ಕೂಡಿಸಿದರು. ಎಲ್ಫಿನ್‌ಸ್ಟನ್ ವಿದ್ಯಾಲಯವು ಮೂಡಿದ್ದು ಅದರಿಂದಲೇ.

1840ರಲ್ಲಿ ಸರಕಾರವು ವಿದ್ಯಾಮಂಡಳಿಯನ್ನು ನೇಮಿಸಿದಾಗ ನಾನಾ ಅದರ ಸದಸ್ಯರಾದರು. ಅಧ್ಯಕ್ಷಪೀಠಕ್ಕೆ ಬಂದ ಸರ್ ಅರ್ಸ್ಕಿನ್ ಪೆರಿ ನ್ಯಾಯಾಧೀಶರು, ಪ್ರತಿಭಾವಂತರು. ಉನ್ನತ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂಬುದು ಅವರ ಹಟ. 1847ರಲ್ಲಿ ವಿವಾದವು ತಾರಕಕ್ಕೇರಿತು. ಕರ್ನಲ್ ಜರ್ವಿಸ್, ಫ್ರಾಮ್‌ಜಿ ಕಾವಸ್‌ಜಿ, ಮಹಮ್ಮದ್ ಇಬ್ರಾಹಿಂ ಮಕ್ಬಾ ಇವರೊಡನೆ ನಾನಾ ದೇಶಭಾಷೆಗಳ ಪಕ್ಷದಲ್ಲಿ ನಿಂತರು. ಇಂಗ್ಲಿಷ್ ಬೇಡವೆಂದು ಅವರು ವಾದಿಸಲಿಲ್ಲ. ಪರಭಾಷೆಯನ್ನು ಕರಗತ ಮಾಡಿಕೊಳ್ಳಲು ಬಿಡುವೂ ಹಣವೂ ಉಳ್ಳವರು ಕೆಲವರೇ. ವಿದ್ಯೆಯು ಜನಸಾಮಾನ್ಯರಿಗೆ ತಲುಪಬೇಕಾದರೆ ಅವರ ಮಾತಿನಲ್ಲಿಯೇ ತಲುಪಬೇಕು ಎಂಬುದು ಅವರ ನಿಲುವು. ಮೇಲಿನ ತರಗತಿಗಳಲ್ಲಿ ಕೊನೆಗೂ ಗೆದ್ದುದು ಇಂಗ್ಲಿಷೇ.

ಇದರಲ್ಲಿ ನಮಗೇನೆಂದು ವಾಚಕರು ಕೇಳಬಹುದು. ಅಂದು ಧಾರವಾಡವೂ ಬೆಳಗಾವಿಯೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಲ್ಲಿಯ ಕನ್ನಡ ಮಕ್ಕಳು ಬಹುಕಾಲ ಮರಾಠಿ ಶಾಲೆಗಳಲ್ಲಿ ಅಕ್ಷರ ತಿದ್ದಬೇಕಾಯಿತು. ಆ ಕೊರತೆಯನ್ನು ನೀಗಲು ಡೆಪ್ಯೂಟಿ ಚನ್ನಬಸಪ್ಪನವರಂಥವರು ಬರಬೇಕಾಯಿತು. ನಾನಾ ಅವರ ಕಣ್ಣ ಮುಂದೆ ಇದ್ದವರು ಬಹುಶಃ ಮರಾಠಿ, ಗುಜರಾತಿ ಮಕ್ಕಳೇ. ಆದರೂ ಅವರ ವಾದವು ನಮ್ಮ ಮಕ್ಕಳಿಗೆ ಕೂದಲೆಳೆಯಷ್ಟೂ ಕಡಿಮೆ ಒಪ್ಪುವುದಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಬಸಿ ತೊಳೆದು, ಇರುಳಿನಲ್ಲಿ ಕೋಟೆಯ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿದವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಮಂಡಳಿಯಲ್ಲಿ ವಾದಿಸುವುದು ಒಂದು, ಸ್ವಂತ ಮನೆಯ ಬಾಗಿಲು ತೆರೆಯುವುದು ಇನ್ನೊಂದು. ಪುಣೆಯಲ್ಲಿ ಫುಲೆ ದಂಪತಿಗಳು 1848ರಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದ್ದರು. ಅದೇ ವರ್ಷ ಎಲ್ಫಿನ್‌ಸ್ಟನ್ನಿನ ವಿದ್ಯಾರ್ಥಿಗಳು ಸಾಹಿತ್ಯ ಮತ್ತು ವಿಜ್ಞಾನ ಸಂಘವನ್ನು ಕಟ್ಟಿದರು; ದಾದಾಭಾಯಿ ನವರೋಜಿಯವರು ಅದರ ಮುಂದಾಳುಗಳಲ್ಲೊಬ್ಬರು. 1849ರಲ್ಲಿ ಸಂಘವು ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಯಿತು. ಮೊದಲಿಗೆ ಬಂದವರು 44 ಪಾರ್ಸಿ ಬಾಲಿಕೆಯರು, 24 ಹಿಂದೂ ಬಾಲಿಕೆಯರು. ತರುಣರು ಮುಂಜಾನೆ ಸಂಬಳವಿಲ್ಲದೆ ಕಲಿಸುತ್ತಿದ್ದರು. ಆದರೆ ಶಾಲೆಗೆ ಜಾಗ ಕೊಡುವವರಾರು? ಹೆಣ್ಣು ಓದಿದರೆ ಮನೆ ಕೆಡುವುದೆಂದು ಊರೇ ನಂಬಿದ್ದ ಕಾಲ. ನಾನಾ ಗಿರಗಾಂವದ ತಮ್ಮ ವಾಡೆಯಲ್ಲಿಯೇ ಸ್ಥಳ ಕೊಟ್ಟರು. ಜಾತಿಯ ಹಿರಿಯರಲ್ಲಿ ಗಣ್ಯರೂ ಕುಲಾಚಾರದಲ್ಲಿ ನಿಷ್ಠರೂ ಆದ ಅವರ ಮನೆಗೆ ಮಗಳನ್ನು ಕಳುಹಿಸಲು ಅಂಜುವ ತಾಯಿತಂದೆಗಳಿಗೂ ಧೈರ್ಯ ಬಂದಿರಬೇಕು. ಸುಧಾರಕನ ಮಾತಿಗೆ ಬಾರದ ಬೆಲೆ ಕೆಲವೊಮ್ಮೆ ಸಂಪ್ರದಾಯಸ್ಥನ ಅಂಗಳಕ್ಕೆ ಬರುತ್ತದೆಂದು ನಮಗೆ ತೋರುತ್ತದೆ.

1852ರ ಬಾಂಬೆ ಅಸೋಸಿಯೇಶನ್, 1857ರ ವಿಶ್ವವಿದ್ಯಾಲಯ, ಬಳಿಕ ಪ್ರಾಂತ್ಯದ ಶಾಸನಸಭೆ, ಇವೆಲ್ಲವುಗಳಲ್ಲಿ ಅವರ ಕೈಯಿತ್ತು. 1865ರ ಜುಲೈ 31ರಂದು ನಾನಾ ಕಾಲವಾದರು. ಅವರ ಅಮೃತಶಿಲೆಯ ಪ್ರತಿಮೆ ಕೋಟೆಯ ಟೌನ್ ಹಾಲಿನಲ್ಲಿದೆ. ಮೆಟ್ರಿಕ್ಯುಲೇಶನ್ನಿನಲ್ಲಿ ಸಂಸ್ಕೃತದಲ್ಲಿ ಮೇಲೆ ಬಂದವರಿಗಾಗಿ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನವೂ ಏರ್ಪಟ್ಟಿತು; 1912ರಲ್ಲಿ ಅದನ್ನು ಪಡೆದ ಹುಡುಗನೇ ಮುಂದೆ ದೇಶದ ಅರ್ಥಮಂತ್ರಿಯಾದ ಚಿಂತಾಮಣ ದೇಶಮುಖ್.